ಕ್ಯಾಸೆಟ್ಟಿನ ಎರಡನೇ ಬದಿ

ಕೀತ್‌ನ ಕಾಲರನ್ನು ನಾನು ಮೊದಲ ಸಲ ಹಿಡಿದದ್ದು ಪ್ರೀತಿಯಿಂದಲ್ಲ, ಕಳ್ಳ ಎಂದುಕೊಂಡು.

ಎಂಬತ್ತನಾಲ್ಕನೇ ಇಸವಿ. ಇಂಗ್ಲೆಂಡಿನ ಮೀನುಬಂದರು ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನಲ್ಲಿ ಆಗ ಹಾರ್ಗ್ರೀವ್ಸ್ ಎಂಬ ಅಂಗಡಿಯಿತ್ತು. ಮುಂದುಗಡೆ ಟೀವಿ, ರೇಡಿಯೊ, ಕೆಟಲ್. ಹಿಂದಿನ ಮೂಲೆಯಲ್ಲಿ ಗೋಡೆಯುದ್ದಕ್ಕೂ ಕಂಪ್ಯೂಟರ್ ಆಟಗಳ ಕ್ಯಾಸೆಟ್ಟುಗಳು. ಆ ಮೂಲೆಗೆ ಬೆವರ್ಲಿ ಎಂಬ ನಾನೇ ರಾಣಿ. ಹಾಗೆಂದು ನಾನು ಹೇಳಿಕೊಳ್ಳುತ್ತಿದ್ದೆ, ಅಷ್ಟೆ. ಉಳಿದವರೆಲ್ಲ ನನ್ನನ್ನು ಬೆವ್ ಎಂದು ಕರೆದು, ಚಹಾ ಮಾಡಲು ಹೇಳುತ್ತಿದ್ದರು.

ಮಾರುವುದಕ್ಕಿಂತ ವಾಪಸ್ ಬಂದದ್ದನ್ನು ಸಂಭಾಳಿಸುವುದೇ ನನ್ನ ದೊಡ್ಡ ಕೆಲಸ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆಗಿನ ಆಟಗಳೆಲ್ಲ ಹಾಡಿನ ಕ್ಯಾಸೆಟ್ಟಿನಲ್ಲೇ ಬರುತ್ತಿದ್ದವು. ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೂ ಕಂಪ್ಯೂಟರನ್ನು ಟೀವಿಗೂ ಜೋಡಿಸಿ ಗುಂಡಿ ಒತ್ತಿದರೆ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ ಕಿರುಚಾಟ ಶುರು. ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತವೆ. ಐದು ನಿಮಿಷ ಕೈಕಟ್ಟಿ ಕೂತರೆ ಕೊನೆಗೆ ಆಟ ಬರುತ್ತದೆ, ಇಲ್ಲವೆ ಲೋಡ್ ಆಗಲಿಲ್ಲ ಎಂಬ ಒಂದು ಸಾಲು ಬರುತ್ತದೆ. ಆ ಒಂದು ಸಾಲು ಬಂದವರೆಲ್ಲ ಶನಿವಾರ ನನ್ನ ಮುಂದೆ ಸಾಲುಗಟ್ಟುತ್ತಿದ್ದರು. ಅಂಗಡಿಯ ನಿಯಮವನ್ನು ನಾನು ಗಿಣಿಪಾಠದಂತೆ ಒಪ್ಪಿಸುತ್ತಿದ್ದೆ: ಒಮ್ಮೆ ಬಿಚ್ಚಿದ ಮೇಲೆ ವಾಪಸ್ ಇಲ್ಲ, ಬೇಕಾದರೆ ಅದೇ ಆಟದ ಇನ್ನೊಂದು ಕ್ಯಾಸೆಟ್ ಕೊಡುತ್ತೇವೆ.

ಆ ಹುಡುಗ ಕೆಲವು ಶನಿವಾರಗಳಿಂದ ಬರುತ್ತಿದ್ದ. ಉದ್ದ ಕೋಟು, ಕಣ್ಣಿನ ಮೇಲೆ ಬೀಳುವ ಕೂದಲು. ಏನನ್ನೂ ಕೊಳ್ಳುವವನಲ್ಲ. ಆಚೀಚೆ ನೋಡುತ್ತಾನೆ, ಶೆಲ್ಫಿಗೆ ಕೈ ಹಾಕುತ್ತಾನೆ, ಏನೋ ಕಿತಾಪತಿ ಮಾಡಿ ಹೊರಟುಹೋಗುತ್ತಾನೆ. ಆ ದಿನ ನಾನು ಕೆಟಲುಗಳ ಹಿಂದೆ ಅಡಗಿ ಕಾದು, ಸರಿಯಾಗಿ ಹಿಂದಿನಿಂದ ಕಾಲರ್ ಹಿಡಿದೆ. ಜೇಬು ತೋರಿಸು ಎಂದೆ. ಜೇಬಿನಲ್ಲಿದ್ದದ್ದು ಒಂದು ಬಸ್ ಟಿಕೆಟ್, ಅರ್ಧ ತಿಂದ ಸಾಸೇಜ್ ರೋಲ್. ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ, ತಾನು ತೆಗೆಯುತ್ತಿಲ್ಲ, ಇಡುತ್ತಿದ್ದೇನೆ ಎಂದು.

ನೋಡಿದರೆ ನಿಜ. ಕೆಳಗಿನ ಸಾಲಿನಲ್ಲಿ ಧೂಳು ತಿನ್ನುತ್ತಿದ್ದ 'ಟ್ರಾಲರ್ ಟೆಡ್' ಎಂಬ ಆಟವನ್ನು ಕಣ್ಣೆತ್ತರಕ್ಕೆ ತಂದು, ಬೇರೆಯವರ ಆಟಗಳ ಮುಂದೆ ಜೋಡಿಸಿದ್ದ.

"ನಿನಗ್ಯಾಕೆ ಬೇಕು ಈ ಉಸಾಬರಿ?" ಎಂದೆ.

"ಅದು ನಂದು."

"ನಿಂದಾದ್ರೆ ದುಡ್ಡು ಕೊಟ್ಟು ತಗೊಂಡು ಹೋಗು."

"ಹಂಗಲ್ಲ. ಅದನ್ನ ಬರೆದಿದ್ದು ನಾನು."

ಡಬ್ಬಿ ತಿರುಗಿಸಿ ನೋಡಿದೆ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕೆ. ಬ್ಲಾಂಚರ್ಡ್ ಎಂದಿತ್ತು. ಆಟಗಳನ್ನು ಯಾರೋ ಒಬ್ಬರು ಕೂತು ಬರೆಯುತ್ತಾರೆ ಎಂಬುದೇ ನನಗೆ ಹೊಳೆದಿರಲಿಲ್ಲ. ಬಿಸ್ಕತ್ತಿನ ಹಾಗೆ ಎಲ್ಲೋ ಕಾರ್ಖಾನೆಯಲ್ಲಿ ಆಗುತ್ತವೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ, ತೋಳಿನ ನೂಲು ಬಿಚ್ಚಿಕೊಂಡ ಸ್ವೆಟರ್ ತೊಟ್ಟ ಒಬ್ಬ ಹುಡುಗ. ಕಾಲರ್ ಬಿಟ್ಟೆ. ಕೈ ಯಾಕೋ ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು.

ಆದರೆ ನನ್ನ ಬಾಯಿ ಸುಮ್ಮನಿರುವುದಲ್ಲ. ಸಿಕ್ಕಿದ್ದೇ ಸಿಕ್ಕಿದ ಎಂದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಈ ಅಂಗಡಿಗೆ ಅತಿ ಹೆಚ್ಚು ವಾಪಸ್ ಬರುವ ಆಟ ನಿನ್ನದೇ, ಯಾಕೆಂದರೆ ಅದು ಒಂದೇ ಬದಿಯಲ್ಲಿದೆ. ಅಲ್ಲಿ ಟೇಪ್ ಸುಕ್ಕಾದರೆ ಮುಗಿಯಿತು ಕಥೆ. ಎರಡೂ ಬದಿಯಲ್ಲಿ ಅದೇ ಆಟವನ್ನು ಹಾಕಿದವರ ಕ್ಯಾಸೆಟ್ ಬಂದರೆ ನಾನು 'ತಿರುಗಿಸಿ ಹಾಕಿ ನೋಡಮ್ಮ' ಎನ್ನುತ್ತೇನೆ, ಹೋದವರು ಮತ್ತೆ ಬರುವುದಿಲ್ಲ. ಇಷ್ಟೂ ತಿಳಿಯದೆ ಆಟ ಬರೆಯಲು ಹೊರಟೆಯಾ ಎಂದೆ. ಅವನು ಜಗಳಕ್ಕೆ ಬರಲಿಲ್ಲ. ಕೂದಲು ಹಿಂದೆ ತಳ್ಳಿ, ನನ್ನ ಮುಖವನ್ನೇ ನೋಡುತ್ತಾ ಕೊನೆಯ ಮಾತಿನವರೆಗೂ ಕೇಳಿದ. ನಮ್ಮ ಮನೆಯಲ್ಲೂ ನನ್ನ ಮಾತನ್ನು ಯಾರೂ ಅಷ್ಟು ಹೊತ್ತು ಕೇಳಿದವರಿಲ್ಲ.

ಮುಂದಿನ ಶನಿವಾರದಿಂದ ಅವನು ಕಳ್ಳನ ಹಾಗೆ ಬರಲಿಲ್ಲ. ಹೊಸ ಆಟದ ಅಷ್ಟಷ್ಟು ಭಾಗ ತರುತ್ತಿದ್ದ, ಅಂಗಡಿಯ ಕಂಪ್ಯೂಟರಿನಲ್ಲಿ ನಾನು ಆಡಿ ನೋಡುತ್ತಿದ್ದೆ. ಊಟದ ಬಿಡುವಿನಲ್ಲಿ ಬಂದರಿನ ಕಟ್ಟೆಯ ಮೇಲೆ ಕೂತು, ಕಾಗದದ ಪೊಟ್ಟಣದಲ್ಲಿ ಹ್ಯಾಡಕ್ ಮೀನು, ಚಿಪ್ಸ್. ಅವನು ಮಾತಿನ ಮಲ್ಲನಲ್ಲ. ನಾನು ಕೆದಕಿ ಕೆದಕಿ ತಿಳಿದದ್ದು ಇಷ್ಟು. ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ಟೈಪ್ ಮಾಡಿ ಮಾಡಿ ಕಲಿತ. ಒಂದು ಚಳಿಗಾಲ ಪೂರ್ತಿ ಮಲಗುವ ಕೋಣೆಯಲ್ಲಿ ಕೈಗವಸು ಹಾಕಿಕೊಂಡು 'ಟ್ರಾಲರ್ ಟೆಡ್' ಬರೆದ. ಲಿವರ್‌ಪೂಲಿನ ಒಬ್ಬ ಪ್ರಕಾಶಕರಿಗೆ ಕಳಿಸಿದ, ಅವರು ಕ್ಯಾಸೆಟ್ ಮಾಡಿ ಮಾರಿದರು. ಇನ್ನೇನು ಬದುಕು ನೆಟ್ಟಗಾಯಿತು ಎಂದುಕೊಂಡ, ಆಗಲಿಲ್ಲ. ಆಟ ವಾಪಸ್ ಬರತೊಡಗಿತು.

ಈಗ ಪ್ರಕಾಶಕರು ಇನ್ನೊಂದು ಅವಕಾಶ ಕೊಟ್ಟಿದ್ದರು. ಎರಡನೇ ಆಟ ಸಮಯಕ್ಕೆ ಸರಿಯಾಗಿ ಕೈ ಸೇರಿದರೆ ಕ್ರಿಸ್‌ಮಸ್ಸಿಗೆ ಅಂಗಡಿಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಅವನ ಅಮ್ಮ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾತಾಡಿಟ್ಟಿದ್ದರು. ಬಿಳಿ ಗಂಬೂಟು, ತಲೆಗೆ ಬಲೆ, ಬೆಳಗಿನಿಂದ ಸಂಜೆತನಕ ಫಿಶ್ ಫಿಂಗರ್ ಸಾಲಿನಲ್ಲಿ ನಿಲ್ಲುವುದು. ಆ ಕೆಲಸ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮ ಅರ್ಧ ಊರು ಅದರಲ್ಲೇ ಉಂಡಿದೆ. ಆದರೆ ಕೀತ್ ಅಲ್ಲಿ ನಿಂತರೆ ಮತ್ತೆ ಆಟ ಬರೆಯುವವನಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊಸ ಆಟದ ಹೆಸರು 'ಡಾಕ್ ಕ್ಯಾಟ್'. ಬಂದರಿನಲ್ಲಿ ಮೀನು ಕದಿಯುವ ಒಂದು ಬೆಕ್ಕು. ಮಂಜುಗಡ್ಡೆಯ ಪೆಟ್ಟಿಗೆ ಹಾರಬೇಕು, ಕಡಲಹಕ್ಕಿಗೆ ಸಿಗಬಾರದು, ತಕ್ಕಡಿ ಹತ್ತಿ ಇಳಿಯಬೇಕು. ನಾನು ಆಡುವಾಗ ಕೆಳತುಟಿ ಕಚ್ಚುತ್ತೇನಂತೆ, ಬೆಕ್ಕು ಹಾರುವಾಗ ನನ್ನ ಭುಜವೂ ಹಾರುತ್ತದಂತೆ. ಇದೆಲ್ಲ ಅವನಿಗೆ ಹೇಗೆ ಗೊತ್ತು? ಆಟ ಪರೀಕ್ಷೆಗೆ ಬಂದವನು ಪರದೆ ನೋಡಬೇಕಲ್ಲ. ನಾನು ಥಟ್ಟನೆ ತಿರುಗಿದರೆ ಅವನ ಕಣ್ಣು ಕೆಟಲುಗಳ ಕಡೆ ಓಡುತ್ತಿತ್ತು. ಕೆಟಲು ಬೇಕಾ ಎಂದು ಕೇಳುತ್ತಿದ್ದೆ. ಬೇಡ ಎನ್ನುತ್ತಿದ್ದ, ಕಿವಿ ಮತ್ತೆ ಕೆಂಪು.

ನನಗೆ ಅವನ ಮೇಲೆ ಮನಸ್ಸಾಗಿತ್ತು. ಸುತ್ತಿಬಳಸಿ ಹೇಳುವುದು ಯಾಕೆ. ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೂದಲಿಗೆ ಅರ್ಧ ಡಬ್ಬಿ ಸ್ಪ್ರೇ ಹೊಡೆಯುತ್ತಿದ್ದೆ. ಅಮ್ಮ ಕಿಟಕಿ ತೆಗೆದು ಕೆಮ್ಮುತ್ತಿದ್ದಳು. ಆದರೆ ಈ ಮಹರಾಯ ಬಾಯಿ ಬಿಡಬೇಕಲ್ಲ.

ಕೊನೆಗೂ ಒಂದು ಬುಧವಾರ, ಶನಿವಾರವಲ್ಲದ ದಿನ, ಅವನು ಓಡೋಡಿ ಬಂದ. 'ಡಾಕ್ ಕ್ಯಾಟ್' ಮುಗಿಯಿತು, ಈಗಷ್ಟೇ ಅಂಚೆಗೆ ಹಾಕಿ ಬಂದೆ ಎಂದ. ಆಮೇಲೆ ಕೋಟಿನ ಜೇಬಿನಿಂದ ಒಂದು ಕ್ಯಾಸೆಟ್ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟ. ಒಳಗಿನ ಕಾಗದದಲ್ಲಿ ಹಸಿರು ಶಾಯಿಯಲ್ಲಿ ನನ್ನ ಹೆಸರು, ಸುತ್ತಲೂ ಪುಟ್ಟ ಪುಟ್ಟ ಮೀನು. ಹಾಡುಗಳು ಎಂದ. ನಡುನಡುವೆ ತಾನೂ ಏನೋ ಮಾತಾಡಿದ್ದೇನೆ ಎಂದ. ಒಬ್ಬಳೇ ಇದ್ದಾಗ ಕೇಳು ಎಂದವನು, ನಾನು ಉತ್ತರ ಕೊಡುವ ಮೊದಲೇ ಬಾಗಿಲು ದಾಟಿದ್ದ.

ಸಂಜೆ ಮನೆಗೆ ಹಾರಿಕೊಂಡು ಹೋದೆ. ಕೋಣೆಯ ಬಾಗಿಲು ಹಾಕಿ, ಹಾಸಿಗೆಯ ಮೇಲೆ ಕೂತು, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ, ಎದೆ ಹಿಡಿದುಕೊಂಡು ಗುಂಡಿ ಒತ್ತಿದೆ.

ಕಿರುಚಾಟ. ಬಾಗಿಲಿಗೆ ಸಿಕ್ಕಿದ ಬೆಕ್ಕು. ಮುಂದೆ ಓಡಿಸಿ ನೋಡಿದೆ, ಅದೇ. ಇನ್ನೂ ಮುಂದೆ ಓಡಿಸಿದೆ, ಬರೀ ಗೊಸಗೊಸ. ಕೆಳಗಿನಿಂದ ಅಪ್ಪ ಕೂಗಿ ಕೇಳಿದ, ಯಾವ ಹಡಗಿನ ರಾಟೆಗೆ ಎಣ್ಣೆ ಹಾಕಬೇಕಾಗಿದೆ ಎಂದು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಿಂದಿನ ವಾರವಷ್ಟೇ ಅವನಿಗೆ ಹೇಳಿದ್ದೆ, ನಿಮ್ಮ ಈ ಕಿರುಚಾಟ ಕೇಳಿ ಕೇಳಿ ರಾತ್ರಿ ಕನಸಿನಲ್ಲೂ ಬರುತ್ತದೆ, ಯಾರಾದರೂ ನನಗೆ ಒಂದು ಒಳ್ಳೆಯ ಹಾಡು ಕೊಟ್ಟರೆ ಸಾಕಾಗಿದೆ ಎಂದು. ಅದಕ್ಕೆ ಇವನು ತಮಾಷೆ ಮಾಡಿದ್ದಾನೆ. ಹಸಿರು ಶಾಯಿಯಲ್ಲಿ ಹೆಸರು ಬರೆದು, ಮೀನು ಬಿಡಿಸಿ, ನನ್ನನ್ನು ಮಂಗ ಮಾಡಿದ್ದಾನೆ. ಸ್ಪ್ರೇ ಹೊಡೆದ ಕೂದಲಿನ ಸಮೇತ ದಿಂಬಿಗೆ ಮುಖ ಒತ್ತಿ ಅತ್ತೆ.

ಮರುದಿನ ಅವನು ಬಂದ. ಬಾಗಿಲ ಬಳಿಯೇ ನಿಂತು, ನೆಲ ನೋಡುತ್ತಾ, ಕೇಳಿದೆಯಾ ಎಂದ.

"ಕೇಳಿದೆ. ತಲೆನೋವು ಬಂತು. ಇನ್ನೊಂದು ಸಲ ಇಂಥದ್ದನ್ನ ನನ್ನ ಹತ್ರ ತರಬೇಡ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಸರಿ ಎಂದ. ಕ್ಷಮಿಸು ಎಂದ. ಹೋಗುವಾಗ ರೇಡಿಯೊ ಜೋಡಿಸಿಟ್ಟ ಮೇಜಿಗೆ ಡಿಕ್ಕಿ ಹೊಡೆದು, ಮೇಜಿಗೂ ಕ್ಷಮಿಸು ಎಂದ. ಮಾಡೋದೆಲ್ಲ ಮಾಡಿ ಈಗ ನೋಡು ನಾಟಕ ಎಂದುಕೊಂಡೆ. ಆದರೂ ಮಧ್ಯಾಹ್ನ ನನ್ನ ಹ್ಯಾಡಕ್ಕನ್ನು ಕಡಲಹಕ್ಕಿಗಳಿಗೆ ಹಾಕಿ ಬಂದೆ.

ಇನ್ನು ಭಾನುವಾರದ ವಿಷಯ. ಭಾನುವಾರ ಸಂಜೆ ರೇಡಿಯೊದಲ್ಲಿ ಆ ವಾರದ ಜನಪ್ರಿಯ ಹಾಡುಗಳು ಒಂದಾದ ಮೇಲೊಂದು ಬರುತ್ತಿದ್ದವು. ದೇಶದ ಹುಡುಗಿಯರೆಲ್ಲ ಆ ಹೊತ್ತಿಗೆ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ನಡುವೆ ಮಾತಾಡುವವನ ದನಿ ಸೇರದ ಹಾಗೆ ಗುಂಡಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ನಮ್ಮದು ಮೈಕ್ ಇರುವ ಹಳೆಯ ರೆಕಾರ್ಡರ್, ಕೋಣೆಯಲ್ಲಿ ಸೂಜಿ ಬಿದ್ದರೂ ಟೇಪಿನಲ್ಲಿ ಬರುತ್ತದೆ. ಹಾಗಾಗಿ ಆ ಹೊತ್ತು ಅಪ್ಪ ಕೆಮ್ಮುವಂತಿಲ್ಲ, ಅಮ್ಮ ಪಾತ್ರೆ ತೊಳೆಯುವಂತಿಲ್ಲ. ಅಪ್ಪ ಮೊದಲು ಐಸ್‌ಲ್ಯಾಂಡಿನ ಕಡಲಿಗೆ ಮೀನಿಗೆ ಹೋಗುತ್ತಿದ್ದವನು. ಆ ದೇಶ ತನ್ನ ಕಡಲನ್ನು ನಮ್ಮ ಹಡಗುಗಳಿಗೆ ಮುಚ್ಚಿದ ಮೇಲೆ ಮೀನಿನ ಲಾರಿ ಓಡಿಸುತ್ತಿದ್ದ. ಪ್ರತಿ ಭಾನುವಾರ ರಾತ್ರಿ ಊಟ ಮುಗಿಸಿ ಲಿವರ್‌ಪೂಲ್ ಮಾರುಕಟ್ಟೆಗೆ ಹೊರಡುವವನು. ಐಸ್‌ಲ್ಯಾಂಡಿನ ಬಿರುಗಾಳಿಯಲ್ಲೂ ಇಷ್ಟು ಶಿಸ್ತು ಇರಲಿಲ್ಲ ಎಂದು ಗೊಣಗುತ್ತಿದ್ದ.

ಆ ಭಾನುವಾರ ನನ್ನ ಹತ್ತಿರ ಖಾಲಿ ಕ್ಯಾಸೆಟ್ ಇರಲಿಲ್ಲ. ಕೀತ್ ಕೊಟ್ಟದ್ದು ಇತ್ತು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದೊಂದು ಬದಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಹಲ್ಲಿರುತ್ತದೆ. ಅದನ್ನು ಮುರಿದುಬಿಟ್ಟರೆ ಆ ಬದಿಯಲ್ಲಿ ಬೇರೇನೂ ರೆಕಾರ್ಡ್ ಆಗದು. ಇವನು ಎರಡನ್ನೂ ಮುರಿದಿದ್ದ. ಕಿರುಚಾಟಕ್ಕೆ ಇಷ್ಟೊಂದು ಕಾವಲೇ ಎಂದು ಉರಿಯಿತು. ಒಂದು ತೂತಿಗೆ ಸೆಲ್ಲೋಟೇಪ್ ಅಂಟಿಸಿದೆ. ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ, ಅದು ಎಲ್ಲ ಹುಡುಗಿಯರಿಗೂ ಗೊತ್ತು. ಮೊದಲ ಹಾಡು ಹಿಡಿದೆ, ಎರಡನೆಯದು ಹಿಡಿದೆ. ಮೂರನೆಯದು ಅರ್ಧಕ್ಕೆ ಬಂದಿತ್ತು. ಆಗ ಯಾರೋ ಬಾಗಿಲು ಒಡೆಯುವ ಹಾಗೆ ಬಡಿದರು.

ಹಾಡು ಕೆಟ್ಟಿತಲ್ಲ ಎಂದು ನನಗೆ ಮೈಯೆಲ್ಲ ಕೋಪ. ಬಾಗಿಲು ತೆಗೆದರೆ ಕೀತ್. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಸೈಕಲ್ ಬೀದಿಯಲ್ಲಿ ಬಿದ್ದಿದೆ, ಚಕ್ರ ಇನ್ನೂ ತಿರುಗುತ್ತಿದೆ. ಅವನಿಗೆ ಉಸಿರು ಹತ್ತುತ್ತಿರಲಿಲ್ಲ.

"ಬೆವ್, ಆ ಕ್ಯಾಸೆಟ್. ಅದೇ ಆಟ ಕಣೇ. ನಿಂಗೆ ಕೊಟ್ಟಿದ್ದೇ ಆಟ."

ಅಷ್ಟರಲ್ಲಿ ಅವನ ಕಣ್ಣು ನನ್ನ ಹಿಂದೆ ಹೋಯಿತು. ರೇಡಿಯೊ, ರೆಕಾರ್ಡರ್, ಒಳಗೆ ಸುತ್ತುತ್ತಿರುವ ಚಕ್ರಗಳು. ಅವನು ಹಾವು ತುಳಿದವನ ಹಾಗೆ ನಿಂತುಬಿಟ್ಟ. ನಾನು ಓಡಿಹೋಗಿ ಗುಂಡಿ ಒತ್ತಿ ನಿಲ್ಲಿಸಿದೆ.

ಮೆಟ್ಟಿಲ ಮೇಲೆ ಕೂತು ಅವನು ತುಂಡು ತುಂಡಾಗಿ ಹೇಳಿದ. ಆಟ ಮುಗಿದ ದಿನ ಪ್ರಕಾಶಕರಿಗೆಂದು ಒಳ್ಳೆಯ ಕ್ಯಾಸೆಟ್ಟಿನಲ್ಲಿ ಅದನ್ನು ಹಾಕಿದ. ಇನ್ನೊಂದು ಅಂಥದ್ದೇ ಕ್ಯಾಸೆಟ್ಟಿನಲ್ಲಿ ಅವನ ಸ್ವಂತ ಪ್ರತಿ ಇತ್ತು. ಆಟ ಹೇಗೂ ಲಿವರ್‌ಪೂಲಿಗೆ ಹೋಗುತ್ತದೆ, ಇದಿನ್ನು ಯಾಕೆ ಎಂದುಕೊಂಡು, ಆ ಸ್ವಂತ ಪ್ರತಿಯನ್ನು ಅಳಿಸಿ ಅದರ ಮೇಲೆ ನನಗಾಗಿ ಹಾಡು ತುಂಬಿಸಿದ. ಬೇರೆ ಕ್ಯಾಸೆಟ್ ಕೊಳ್ಳಬಹುದಿತ್ತಲ್ಲ ಎಂದೆ. ಇದ್ದದ್ದರಲ್ಲಿ ಅದೇ ಚೆನ್ನಾಗಿತ್ತು, ನಿನಗೆ ಕಳಪೆಯದನ್ನು ಕೊಡಲು ಮನಸ್ಸು ಬರಲಿಲ್ಲ ಎಂದ. ಎರಡೂ ಒಂದೇ ಥರದವು, ಮೇಲೆ ಚೀಟಿಯೂ ಇಲ್ಲ. ಡಬ್ಬಿಗೆ ಹಾಕುವಾಗ ಅದಲು ಬದಲಾಯಿತು. ಈ ದಿನ, ಗಡಿಬಿಡಿಯೆಂದು ಭಾನುವಾರವೂ ಕೆಲಸಕ್ಕೆ ಬಂದಿದ್ದ ಪ್ರಕಾಶಕರ ಕಚೇರಿಯ ಮಿಸೆಸ್ ಟನ್‌ಕ್ಲಿಫ್ ಎಂಬುವರು ಫೋನ್ ಮಾಡಿ, ಹಾಡು ಚೆನ್ನಾಗಿದೆ ಮಗು, ಆದರೆ ಆಟ ಎಲ್ಲಿ ಎಂದು ಕೇಳಿದರಂತೆ. ಸೋಮವಾರ ಬೆಳಿಗ್ಗೆ ಎಲ್ಲ ಆಟಗಳೂ ಕ್ಯಾಸೆಟ್ ಕಾರ್ಖಾನೆಗೆ ಹೋಗುತ್ತವೆ, ಅಷ್ಟರೊಳಗೆ ಬರದಿದ್ದರೆ ಕ್ರಿಸ್‌ಮಸ್ಸಿಗೆ ಬೇರೆಯವರ ಆಟ.

ಲೋಕದಲ್ಲಿ ಪೂರ್ತಿ 'ಡಾಕ್ ಕ್ಯಾಟ್' ಇದ್ದದ್ದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಅದರ ಮೇಲೆ ನಾನು ಎರಡೂವರೆ ಹಾಡು ಹಿಡಿದಿದ್ದೆ.

ಕೀತ್ ನನ್ನನ್ನು ಬೈಯಲಿಲ್ಲ. ಅದೇ ಕಷ್ಟವಾದದ್ದು. ಮೊಣಕಾಲಿನ ನಡುವೆ ಕೈ ಜೋಡಿಸಿಕೊಂಡು, ಬಿಳಿ ಗಂಬೂಟು ನನ್ನ ಅಳತೆಯದು ಸಿಗುತ್ತೋ ಇಲ್ಲವೋ ಎಂದು ನಗಲು ನೋಡಿದ. ನಗು ಬರಲಿಲ್ಲ. ಅವನ ಕೂದಲು ಸರಿಸಬೇಕೆಂದು ನನ್ನ ಕೈ ಮೇಲೆದ್ದಿತು. ಆಗಲೇ ನನಗೆ ಹೊಳೆದದ್ದು.

"ಕೀತ್. ಎರಡೂ ಕಡೆ ಹಲ್ಲು ಮುರಿದಿದ್ದೆ ಅಲ್ವಾ? ನಾನು ಅಂಟಿಸಿದ್ದು ಒಂದು ಕಡೆಗೆ ಮಾತ್ರ."

ಅವನು ತಲೆಯೆತ್ತಿದ. "ನೀನು ಹೇಳಿದ್ಯಲ್ಲ," ಎಂದ ಮೆಲ್ಲಗೆ. "ಎರಡೂ ಬದಿಗೆ ಹಾಕು ಅಂತ. ಹಾಕಿದೀನಿ. ಆದ್ರೆ ಆ ಬದಿ ಸರಿಯಾಗಿ ಬಂದಿದ್ಯಾ ಅಂತ ಪರೀಕ್ಷೆ ಮಾಡಿಲ್ಲ. ಅಂಚೆ ಹೋಗೋ ಹೊತ್ತಾಗಿತ್ತು."

ಅವನು ಚೀಲದಲ್ಲಿ ಕಂಪ್ಯೂಟರ್ ತಂದಿದ್ದ, ಬುದ್ಧಿವಂತ. ರೆಕಾರ್ಡರ್ ನಿಂತದ್ದೇ ತಡ, ಅಮ್ಮ ಟೀವಿಯಲ್ಲಿ ಚರ್ಚಿನ ಭಜನೆಯ ಕಾರ್ಯಕ್ರಮ ಹಾಕಿಕೊಂಡಿದ್ದಳು. ದೇವರ ಹತ್ತಿರ ಆಮೇಲೆ ಮಾತಾಡು ಎಂದು ಹೇಳಿ ವೈರು ಕಿತ್ತೆ. ಅಮ್ಮ ಹುಡುಗನ ಮುಖ ನೋಡಿ ಅಡುಗೆಮನೆಗೆ ಹೋಗಿ ಕೆಟಲ್ ಇಟ್ಟಳು. ಕ್ಯಾಸೆಟ್ ತಿರುಗಿಸಿ ಹಾಕಿದೆವು. ಪಟ್ಟೆಗಳು ಓಡಿದವು, ಕಿರುಚಾಟ ಶುರುವಾಯಿತು, ಅರ್ಧಕ್ಕೆ ನಿಂತಿತು. ಪರದೆಯ ಕೆಳಗೆ ಆ ಹಾಳು ಸಾಲು ಬಂತು.

ಕೀತ್ ಕಣ್ಣು ಮುಚ್ಚಿದ. ನಾನು ಮುಚ್ಚಲಿಲ್ಲ. ಇಂಥ ಸಾಲನ್ನು ಶನಿವಾರ ಶನಿವಾರ ನೋಡಿದವಳು ನಾನು. ನಮ್ಮ ರೆಕಾರ್ಡರಿನಲ್ಲಿ ಟೇಪ್ ಉಜ್ಜಿಕೊಂಡು ಓಡುವ ತಲೆ ಎಷ್ಟು ಕೊಳೆಯಾಗಿತ್ತೆಂದರೆ, ಅದನ್ನು ಯಾವತ್ತಾದರೂ ಒರೆಸಿದ್ದೆವೋ ಇಲ್ಲವೋ ನೆನಪಿಲ್ಲ. ಅಪ್ಪನ ಬೀರುವಿನಿಂದ ವೋಡ್ಕಾ ಬಾಟಲಿ ತಂದು, ಕಿವಿಕಡ್ಡಿಯ ಹತ್ತಿ ಅದ್ದಿ, ತಿಕ್ಕಿದೆ. ಹತ್ತಿ ಕರಿ ಬಣ್ಣಕ್ಕೆ ಬಂತು. ಅಪ್ಪ ಮಾತ್ರ, ಒಳ್ಳೆ ಸರಕು ಯಂತ್ರಕ್ಕೆ ಕುಡಿಸ್ತೀಯಲ್ಲೇ ಎಂದು ಸಂಕಟಪಟ್ಟ. ಟೇಪ್ ಮೊದಲಿಗೆ ಸುತ್ತಿ, ದನಿಯ ಗುಂಡಿಯನ್ನು ಕೂದಲೆಳೆಯಷ್ಟು ಏರಿಸಿ, ಮತ್ತೆ ಹಚ್ಚಿದೆ. ಇನ್ನು ಯಾರೂ ಏನನ್ನೂ ಮುಟ್ಟಬಾರದು, ನೆಲದ ಮೇಲೆ ಓಡಾಡಲೂ ಬಾರದು ಎಂದೆ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತ, ಅಮ್ಮ ಅವನ ಹಿಂದೆ ಚಹಾ ತಟ್ಟೆ ಹಿಡಿದು ನಿಂತಳು.

ನಾವಿಬ್ಬರೂ ಟೀವಿಯ ಮುಂದೆ ಕಂಬಳಿಯ ಮೇಲೆ ಮೊಣಕಾಲೂರಿ ಕೂತಿದ್ದೆವು. ಹಳದಿ, ನೀಲಿ ಪಟ್ಟೆಗಳು ಅವನ ಕೆನ್ನೆಯ ಮೇಲೆ ಓಡುತ್ತಿದ್ದವು. ಅವನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು, ಇಬ್ಬರೂ ಸರಿಯಲಿಲ್ಲ. ಆ ಕಿರುಚಾಟದ ನಡುವೆ ನನಗೆ ಇನ್ನೊಂದು ವಿಷಯ ತಲೆಗೆ ಹತ್ತಿತು. ಮೊನ್ನೆ ನಾನು ತಲೆನೋವು ಎಂದಾಗ ಇವನ ಮುಖ ಹಾಗೇಕೆ ಆಯಿತು? ತಾನು ತುಂಬಿಸಿದ ಮಾತು ಕೇಳಿಯೇ ತಲೆನೋವು ಬಂತು ಎಂದುಕೊಂಡನೇ?

ಅವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ, ಆ ಹಾಡಿನ ಕ್ಯಾಸೆಟ್ಟಿನಲ್ಲಿ ನಡುನಡುವೆ ಏನು ಮಾತಾಡಿದ್ದೆ ಎಂದು. ಅವನು ಏನೋ ಹೇಳಿದ, ಕೇಳಿಸಲಿಲ್ಲ. ಇನ್ನೊಂದು ಸಲ ಎಂದೆ. ಮತ್ತೆ ಹೇಳಿದ, ಕಿರುಚಾಟ ನುಂಗಿತು. ದನಿಯನ್ನು ತಗ್ಗಿಸುವಂತಿಲ್ಲ, ತಗ್ಗಿಸಿದರೆ ಆಟ ಹೋಯಿತು. ಜೋರಾಗಿ ಹೇಳು ಎಂದು ನಾನೂ ಕೂಗಿದೆ. ಆಗ ಅವನು ಪರದೆ ಬಿಟ್ಟು ನನ್ನ ಕಡೆ ತಿರುಗಿದ. ಈ ಸಲ ಕಣ್ಣು ಕೆಟಲಿನ ಕಡೆ ಓಡಲಿಲ್ಲ. ಗಟ್ಟಿ ಉಸಿರೆಳೆದು, ಬಂದರಿನಲ್ಲಿ ಹರಾಜು ಕೂಗುವವನ ದನಿಯಲ್ಲಿ ಶುರುಮಾಡಿದ. ಸರಿಯಾಗಿ ಆಗಲೇ ಟೇಪಿನ ಕಿರುಚಾಟ ನಿಂತುಹೋಯಿತು.

"ಆಟ ಹೋದ್ರೂ ಪರವಾಗಿಲ್ಲ, ನಂಗೆ ನೀನು ಬೇಕು ಕಣೇ ಬೆವ್!"

ಅಮ್ಮನ ತಟ್ಟೆಯಲ್ಲಿ ಒಂದು ಚಮಚ ಅಲುಗಿತು.

ಪರದೆಯ ಮೇಲೆ, ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ, ಬೆಕ್ಕು ಕೂತು ಬಾಲ ಆಡಿಸುತ್ತಿತ್ತು.

"ಬಂತಲ್ಲೋ," ಎಂದ ಅಪ್ಪ.

ಹೋದ ಜೀವ ಬಂದ ಹಾಗಾಯಿತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು, ಮೂಗು ಸೋರುತ್ತಿತ್ತು, ಸಾಲದ್ದಕ್ಕೆ ಅಪ್ಪ ಅಮ್ಮ ಬೇರೆ ನೋಡುತ್ತಿದ್ದಾರೆ. ಕೀತ್‌ನ ಕಿವಿ ಬಂದರಿನ ಕೆಂಪು ದೀಪದಂತೆ ಉರಿಯುತ್ತಿತ್ತು. ಆದರೂ ಅವನು ನನ್ನನ್ನೇ ನೋಡುತ್ತಿದ್ದ, ಬೆಕ್ಕಿನ ಕಡೆ ತಿರುಗಲೇ ಇಲ್ಲ. ನಾನು ಎರಡನೇ ಸಲ ಅವನ ಕಾಲರ್ ಹಿಡಿದೆ.

"ಸರಿಯಾಗಿ ಯೋಚನೆ ಮಾಡು. ಒಮ್ಮೆ ಬಿಚ್ಚಿದ ಮೇಲೆ ವಾಪಸ್ ಇಲ್ಲ."

"ಗೊತ್ತು," ಎಂದ. "ನಿಯಮ ಗೊತ್ತು."

ಅಪ್ಪ ಗಂಟಲು ಸರಿಮಾಡಿಕೊಂಡು, ಮುದ್ದಾಟ ಆಮೇಲೆ, ಮೊದಲು ಅದರ ಇನ್ನೊಂದು ಪ್ರತಿ ಮಾಡಿ ಎಂದ. ಸರಿಯೇ. ಆದರೆ ಖಾಲಿ ಕ್ಯಾಸೆಟ್ ಎಲ್ಲಿದೆ? ಅಪ್ಪ ಹೊರಗೆ ಹೋಗಿ ಲಾರಿಯಿಂದ ತನ್ನ ಕೌಬಾಯ್ ಹಾಡುಗಳ ಕ್ಯಾಸೆಟ್ ತಂದುಕೊಟ್ಟ. ಆ ಹಾಡಿಲ್ಲದೆ ಅವನು ಊರ ಗಡಿ ದಾಟಿದವನಲ್ಲ. ಬೇಡ ಅಪ್ಪ ಎಂದೆ. ತೂತಿಗೆ ಸೆಲ್ಲೋಟೇಪ್ ಹಚ್ಚೇ ಹುಡುಗಿ, ಮೀನು ಕೆಡುತ್ತೆ ಎಂದ. ಕಂಪ್ಯೂಟರಿನಿಂದ ಅಪ್ಪನ ಕ್ಯಾಸೆಟ್ಟಿನ ಎರಡೂ ಬದಿಗೆ ಆಟ ತುಂಬಿಸಿ, ಎರಡನ್ನೂ ಲೋಡ್ ಮಾಡಿ ನೋಡಿ, ಮೇಲೆ ಹಸಿರು ಶಾಯಿಯಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದೆವು.

ಕೀತ್ ಆ ಪ್ರತಿ ಹಿಡಿದು ಹ್ಯಾಡಕ್ ಪೆಟ್ಟಿಗೆಗಳ ಲಾರಿಯಲ್ಲಿ, ಅಪ್ಪನ ಪಕ್ಕ ಕೂತು ಲಿವರ್‌ಪೂಲಿಗೆ ಹೋದ. ಬೆಳಿಗ್ಗೆ ಪ್ರಕಾಶಕರ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲಿದ್ದನಂತೆ, ಬೀದಿಯ ಬೆಕ್ಕೆಲ್ಲ ಸುತ್ತ ನೆರೆದಿದ್ದವಂತೆ. ಅಪ್ಪ ಮಾತ್ರ ಹಲವು ವರ್ಷ ಆಡಿಕೊಂಡು ನಗುತ್ತಿದ್ದ. ದಾರಿಯುದ್ದಕ್ಕೂ ಹಾಡಿಲ್ಲ, ಈ ಹುಡುಗನ ಬಾಯಿ ತುಂಬ ನಮ್ಮ ಬೆವ್ ಹಾಗೆ, ನಮ್ಮ ಬೆವ್ ಹೀಗೆ. ಇಳಿಸಿ ಬಿಡೋಣ ಅಂತ ಎಷ್ಟು ಸಲ ಅನ್ನಿಸಿತೋ ಎನ್ನುತ್ತಿದ್ದ.

'ಡಾಕ್ ಕ್ಯಾಟ್' ಕ್ರಿಸ್‌ಮಸ್ಸಿಗೆ ಬಂತು. ಅದನ್ನು ಕಣ್ಣೆತ್ತರದ ಸಾಲಿನಲ್ಲಿ ನಾನೇ ಜೋಡಿಸಿದೆ. ವಾಪಸ್ ಬಂದದ್ದು ಬೆರಳೆಣಿಕೆಯಷ್ಟು, ಅವರಿಗೂ ತಿರುಗಿಸಿ ಹಾಕಿ ಎಂದು ಹೇಳಿ ಕಳಿಸಿದೆ. ಗಂಬೂಟು ಬೇರೆ ಯಾರಿಗೋ ಹೋಯಿತು. ಆಮೇಲೆ ಕೀತ್ ಇನ್ನೂ ಒಂದಷ್ಟು ಆಟ ಬರೆದ. ಮುಂದೆ ದೊಡ್ಡ ಯಂತ್ರಗಳು ಬಂದವು, ಒಂದು ಆಟಕ್ಕೆ ಒಂದು ಸೈನ್ಯವೇ ಬೇಕಾಯಿತು, ಮಲಗುವ ಕೋಣೆಯ ಹುಡುಗರ ಕಾಲ ಮುಗಿಯಿತು. ಅವನು ಗ್ರಿಮ್ಸ್‌ಬಿಯ ಮೀನು ಹರಾಜಿಗೆ ಪ್ರೋಗ್ರಾಂ ಬರೆದುಕೊಡುವ ಕೆಲಸ ಹಿಡಿದ. ಬೇಸರವಿಲ್ಲವಾ ಎಂದು ಕೇಳಿದರೆ, ಬೆಕ್ಕು ಇಲ್ಲ ಅನ್ನೋದೊಂದೇ ಬೇಸರ ಎನ್ನುತ್ತಾನೆ.

ಈಗ ಹಳೆಯ ಆಟಗಳ ಮೇಳಗಳಿಗೆ ಅವನನ್ನು ಕರೆಯುತ್ತಾರೆ. ಗಡ್ಡ ನೆರೆತ ಗಂಡಸರು ಸಾಲಿನಲ್ಲಿ ನಿಂತು ಕ್ಯಾಸೆಟ್ಟಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಅವನು ಎರಡನೇ ಬದಿಯಲ್ಲೇ ಹಾಕುತ್ತಾನೆ. ಯಾಕೆ ಎಂದು ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾನೆ.

ನನಗಾಗಿ ಹಾಡು ತುಂಬಿಸಿದ ಆ ಕ್ಯಾಸೆಟ್ ಏನಾಯಿತು ಎಂದು ನೀವು ಕೇಳಬಹುದು. ಮಿಸೆಸ್ ಟನ್‌ಕ್ಲಿಫ್ ಅದನ್ನು ಜೋಪಾನವಾಗಿ ತೆಗೆದಿಟ್ಟಿದ್ದರಂತೆ. ಕಚೇರಿಯ ಮತ್ಯಾರೋ, ಒಳ್ಳೆಯ ಕ್ಯಾಸೆಟ್ ಖಾಲಿ ಬಿದ್ದಿದೆ ಎಂದು ಅದರ ಮೇಲೆ ಇನ್ನೊಂದು ಆಟ ತುಂಬಿಸಿದರು. ಅದರಲ್ಲಿ ಕೀತ್ ಏನು ಹೇಳಿದ್ದನೋ ನಾನು ಇಂದಿಗೂ ಕೇಳಿಲ್ಲ. ಮೊದಲು ಹೊಟ್ಟೆ ಉರಿಯಿತು, ಸುಳ್ಳೇಕೆ.

ಆದರೆ ಇನ್ನೊಂದು ಕ್ಯಾಸೆಟ್ ನನ್ನ ಬಳಿ ಇದೆ. ಕ್ರಿಸ್‌ಮಸ್ ದಿನ ಮಕ್ಕಳು ಮೊಮ್ಮಕ್ಕಳು ಉಂಡು ಸುಸ್ತಾಗಿ ಬಿದ್ದುಕೊಂಡಾಗ ನಾನು ಅದರ ಮೊದಲನೇ ಬದಿ ಹಾಕುತ್ತೇನೆ. ಎರಡು ಹಾಡು ಪೂರ್ತಿ ಬರುತ್ತವೆ. ನಡುವೆ ಎಲ್ಲೋ ಅಪ್ಪ ತಡೆಯಲಾರದೆ ಒಂದು ಸಲ ಕೆಮ್ಮುತ್ತಾನೆ, ಅವನು ಹೋಗಿ ಎಷ್ಟೋ ವರ್ಷವಾಯಿತು. ಮೂರನೇ ಹಾಡಿನ ಅರ್ಧಕ್ಕೆ ಬಾಗಿಲು ಬಡಿಯುವ ಸದ್ದು. ನಾನು ಬೈಯುವುದು, ಬಾಗಿಲು ತೆಗೆಯುವುದು. ಆಮೇಲೆ ದೂರದಿಂದ, ಉಸಿರು ಕಟ್ಟಿದ ಒಬ್ಬ ಹುಡುಗನ ದನಿ ನನ್ನ ಹೆಸರು ಕರೆಯುತ್ತದೆ.

ಒಂದೆರಡು ಮಾತಾಗುತ್ತಲೇ ಸದ್ದು ಟಕ್ಕೆಂದು ನಿಲ್ಲುತ್ತದೆ. ಆಗ ಕೀತ್ ಅಡುಗೆಮನೆಯಿಂದ ಇಣುಕಿ, ಕೆಟಲ್ ಇಡಲಾ ಎಂದು ಕೇಳುತ್ತಾನೆ.